ಕಡಲ ಬದಿಯ ದಾರಿ: ಯಾವುದನ್ನು ಆರಿಸೋಣ?

ಮಳೆಗಾಲ ಮುಗಿದು ಆಕಾಶ ತಿಳಿಯಾಯಿತೆಂದರೆ ಕಾಸರಗೋಡಿನ ನಮ್ಮ ಮನೆಗಳಲ್ಲಿ ಒಂದು ಮಾತು ಏಳುತ್ತದೆ. "ಅಮ್ಮಾ, ಈ ಆದಿತ್ಯವಾರ ಬೈಕಿನಲ್ಲಿ ಒಂದು ಸುತ್ತು ಹೋಗಿ ಬರುತ್ತೇವೆ." ಮಗನಿಗೆ ಉತ್ಸಾಹ, ತಾಯಿಗೆ ಆತಂಕ. ಧರ್ಮಗುರುಗಳಾದ ನಾವು ಇಬ್ಬರ ಮಾತನ್ನೂ ಕೇಳುತ್ತೇವೆ, ಇಬ್ಬರ ಮಾತಿನಲ್ಲೂ ಸತ್ಯವಿದೆ. "ಬೇಡವೇ ಬೇಡ" ಎಂದರೆ ಹೇಳದೆ ಹೋಗುವವರಿದ್ದಾರೆ. "ಎಲ್ಲಿಗಾದರೂ ಹೋಗು" ಎಂದರೆ ಹೆತ್ತವರು ಹೊಣೆ ಕಳಚಿಕೊಂಡಂತೆ. ಇವೆರಡರ ನಡುವೆ ಇನ್ನೊಂದು ದಾರಿಯಿದೆ: ಮನೆಯವರೆಲ್ಲ ಕುಳಿತು, ಎಲ್ಲಿಗೆ, ಯಾವಾಗ, ಹೇಗೆ ಎಂದು ಆರಿಸುವುದು.

ಮೊದಲು ಹೊತ್ತು, ಆಮೇಲೆ ಊರು

ನಮ್ಮದು ಸೆಕೆಯ ನಾಡು. ಗಾಳಿಯಲ್ಲಿ ಸದಾ ತೇವವಿರುವುದರಿಂದ ಬೆವರು ಆರುವುದಿಲ್ಲ, ದೇಹ ಬೇಗ ದಣಿಯುತ್ತದೆ. ಬೈಕು ಓಡುವಾಗ ಗಾಳಿ ಬಡಿಯುವುದರಿಂದ ದಣಿವು ತಿಳಿಯುವುದೂ ಇಲ್ಲ. ಆದ್ದರಿಂದ ಬೆಳಗ್ಗೆ ಆರಕ್ಕೆ ಹೊರಟು ಹತ್ತೂವರೆಯೊಳಗೆ ನೆರಳು ಸೇರುವಂಥ ದಾರಿಯೇ ಒಳ್ಳೆಯದು. ನವೆಂಬರಿನಿಂದ ಫೆಬ್ರವರಿಯವರೆಗೆ ಸವಾರಿಗೆ ಹಿತವಾದ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಸವಾರಿ ಬೇಡ. ಜೂನ್ ಮೊದಲ ಮಳೆಗೆ ರಸ್ತೆಯ ಧೂಳೂ ಎಣ್ಣೆಯೂ ಬೆರೆತು ಜಾರುತ್ತದೆ. ಆ ದಿನಗಳಲ್ಲಿ ಮನೆಯಲ್ಲಿರುವುದೇ ಜಾಣತನ.

ನಾಲ್ಕು ದಾರಿಗಳು

ಮೊದಲನೆಯದು ಹೊಸಬರಿಗೂ ಒಗ್ಗುವ ಬೇಕಲದ ದಾರಿ. ಕಾಸರಗೋಡಿನಿಂದ ಚಂದ್ರಗಿರಿ ಸೇತುವೆ ದಾಟಿ, ಮೇಲ್ಪರಂಬ, ಕಳನಾಡು, ಉದುಮದ ಮೂಲಕ ಹೋದರೆ ಸುಮಾರು 16 ಕಿಲೋಮೀಟರ್. ಸೇತುವೆಯಾಚೆ ಎತ್ತರದಲ್ಲಿ ಚಂದ್ರಗಿರಿ ಕೋಟೆ, ಕೊನೆಗೆ ಕಡಲಿಗೆ ಚಾಚಿಕೊಂಡ ಬೇಕಲ ಕೋಟೆ. ಕೆಳದಿಯ ಶಿವಪ್ಪ ನಾಯಕ 17ನೆಯ ಶತಮಾನದ ನಡುವಿನಲ್ಲಿ ಕಟ್ಟಿಸಿದ ಈ ಕೋಟೆ ಸುಮಾರು 40 ಎಕರೆ ವಿಸ್ತಾರದ್ದು. 1995ರ 'ಬಾಂಬೆ' ಚಿತ್ರದ ಹಾಡಿನಲ್ಲಿ ಇದನ್ನು ಕಂಡವರು ಬಹಳ. ಕನ್ನಡ ಅರಸರ ಕೋಟೆ ನಮ್ಮ ಮಗ್ಗುಲಲ್ಲೇ ಇರುವುದನ್ನು ಮಕ್ಕಳಿಗೆ ತೋರಿಸಲು ಇದು ಒಳ್ಳೆಯ ನೆಪ.

ಎರಡನೆಯದು ಮನೆಮಂದಿಯ ದಾರಿ. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಯವರ ಮನೆ ನೋಡಿ ಕುಂಬಳೆಗೆ ಬರಬೇಕು. ಅಲ್ಲಿಂದ ಬದಿಯಡ್ಕ ರಸ್ತೆ ಹಿಡಿದರೆ ಅನಂತಪುರದ ಸರೋವರ ದೇವಸ್ಥಾನ ಸಿಗುತ್ತದೆ. ಅಲ್ಲಿನ ಹೆಸರಾಂತ ಮೊಸಳೆ ಬಬಿಯಾ 2022ರಲ್ಲಿ ತೀರಿಕೊಂಡಾಗ ಎಲ್ಲ ಧರ್ಮದವರೂ ಮರುಗಿದರು. ಸೀತಾಂಗೋಳಿ ದಾಟಿದರೆ ಬೇಳ. 1890ರಲ್ಲಿ ಸ್ಥಾಪನೆಯಾದ ವ್ಯಾಕುಲ ಮಾತೆಯ ದೇವಾಲಯ ಗೋಥಿಕ್ ಶೈಲಿಯ ಕಟ್ಟಡ. ಅದರ ತಂಪಿನಲ್ಲಿ ಹತ್ತು ನಿಮಿಷ ಕೂತರೆ ಸೆಕೆ ಮರೆತುಹೋಗುತ್ತದೆ. ಮುಂದೆ ಬದಿಯಡ್ಕ, ನೂರು ವರ್ಷ ಬಾಳಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ನೆಲ. ಅಲ್ಲಿಂದ ಚೆರ್ಕಳ ಮಾರ್ಗವಾಗಿ ಮರಳಬಹುದು.

ಮೂರನೆಯದು ಪೊಸಡಿ ಗುಂಪೆ. ಬಂದ್ಯೋಡಿನಿಂದ ಧರ್ಮತ್ತಡ್ಕದ ಕಡೆಗೆ ಏರುವ ದಾರಿ. ಗುಡ್ಡದ ನೆತ್ತಿಯಲ್ಲಿ ನಿಂತರೆ ಪಡುವಣದಲ್ಲಿ ಕಡಲು, ಮೂಡಣದಲ್ಲಿ ಘಟ್ಟದ ಸಾಲು. ಮುರಕಲ್ಲಿನ ಸಣ್ಣ ಹರಳುಗಳ ಮೇಲೆ ಚಕ್ರ ಜಾರುವುದರಿಂದ ಬೈಕನ್ನು ಕೆಳಗೇ ನಿಲ್ಲಿಸಿ ನಡೆದು ಹೋಗಬೇಕು.

ನಾಲ್ಕನೆಯದು ರಾಣಿಪುರಂ. ಅನುಭವವುಳ್ಳವರಿಗೆ ಮಾತ್ರ, ಇಡೀ ದಿನದ ಪಯಣ. ಕಾಞಂಗಾಡಿನಿಂದ ಪಾಣತ್ತೂರು ರಸ್ತೆಯಲ್ಲಿ ಒಳನಾಡಿಗೆ ಸಾಗಿ ಘಟ್ಟ ಏರಿದರೆ, ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಹುಲ್ಲುಗಾವಲು. ಹಿಂದೆ ಮಾಡತ್ತುಮಲೆ ಎನಿಸಿದ್ದ ಈ ಜಾಗಕ್ಕೆ, 1970ರಲ್ಲಿ ಕೋಟ್ಟಯಂ ಧರ್ಮಪ್ರಾಂತ್ಯದವರು ಭೂಮಿ ಕೊಂಡ ಬಳಿಕ, ರಾಣಿಯಾದ ಮಾತೆ ಮರಿಯಮ್ಮನವರ ನೆನಪಿಗೆ ಹೊಸ ಹೆಸರು ಬಂತು. ಇಳಿಯುವಾಗ ಬೈಕನ್ನು ನ್ಯೂಟ್ರಲ್‌ನಲ್ಲಿ ಬಿಡಬಾರದು; ಹತ್ತಿದ ಗೇರಿನಲ್ಲೇ ಇಳಿಯಬೇಕು. ಬರೀ ಬ್ರೇಕನ್ನೇ ಒತ್ತಿಕೊಂಡು ಇಳಿದರೆ ಅದು ಬಿಸಿಯಾಗಿ ಹಿಡಿತ ಬಿಡುತ್ತದೆ.

ಆರಿಸುವಾಗ ಕೇಳಬೇಕಾದದ್ದು

ನೋಟ ಎಷ್ಟು ಚೆನ್ನಾಗಿದೆ ಎಂಬುದೊಂದೇ ಅಳತೆಯಲ್ಲ. ಕತ್ತಲಾಗುವ ಮೊದಲು ಮರಳಬಹುದೇ? ದಾರಿಯಲ್ಲಿ ನೀರು, ಬೊಂಡ, ಪೆಟ್ರೋಲು, ಪಂಕ್ಚರ್ ಹಾಕುವವರು ಸಿಗುತ್ತಾರೆಯೇ? ಲಾರಿಗಳ ಓಡಾಟ ಎಷ್ಟು? ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಿಗೆ ಅಗಲವಾಗುತ್ತಾ ಬಂದ ಮೇಲೆ ಹಳೆಯ ತಿರುವುಗಳು ಬದಲಾಗಿವೆ. ಸರ್ವಿಸ್ ರಸ್ತೆ ಎಲ್ಲಿ ಸೇರುತ್ತದೆ, ದ್ವಿಚಕ್ರಗಳಿಗೆ ಯಾವ ಪಥ ಎಂಬ ಫಲಕಗಳನ್ನು ಓದಿಯೇ ಸಾಗಬೇಕು. ಎದುರಿನಿಂದ ಅಡ್ಡ ದಾರಿಯಲ್ಲಿ ಬರುವವರೂ ಇದ್ದಾರೆಂದು ತಿಳಿದಿರಬೇಕು.

ಕಡಲ ದಂಡೆಯ ರಸ್ತೆಗೆ ಹಾರಿಬಂದ ಹೊಯ್ಗೆಯ ಮೇಲೆ ಒಮ್ಮೆಲೇ ಬ್ರೇಕ್ ಒತ್ತಬಾರದು. ಉಪ್ಪುಗಾಳಿ ಚೈನಿಗೂ ಕಬ್ಬಿಣಕ್ಕೂ ಶತ್ರು. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಚೈನಿಗೆ ಎಣ್ಣೆ ಹಾಕಬೇಕು.

ಮನೆಯವರ ಪಾಲು

ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕು, ಒಂದು ಬೈಕಿಗೆ ಇಬ್ಬರೇ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವನ್ನು ಕೂರಿಸಿದರೆ ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ, ಮಗುವಿಗೆ ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ ಎಂಬುದು 2023ರಿಂದ ಜಾರಿಗೆ ಬಂದ ನಿಯಮ. ಹದಿನೆಂಟು ತುಂಬದ ಮಗನ ಕೈಗೆ ಕೀಲಿ ಕೊಟ್ಟ ಹೆತ್ತವರಿಗೆ 25,000 ರೂಪಾಯಿ ದಂಡವೂ ಮೂರು ವರ್ಷದವರೆಗೆ ಸೆರೆವಾಸವೂ ಇದೆ ಎಂದು 2019ರ ತಿದ್ದುಪಡಿ ಹೇಳುತ್ತದೆ.

ಆದರೆ ಕಾನೂನಿಗಿಂತ ಮಿಗಿಲಾದ ಒಂದು ಲೆಕ್ಕವಿದೆ. ಇಪ್ಪತ್ತರ ಹರೆಯದ ಮಗನ ಶವಪೆಟ್ಟಿಗೆಯ ಮುಂದೆ ನಿಂತ ತಂದೆತಾಯಿಗೆ ಯಾವ ಸಾಂತ್ವನದ ಮಾತೂ ಸಾಲದು. ಆ ಪೀಠದ ಬಳಿ ನಿಂತು ಮಾತು ಹುಡುಕಬೇಕಾದವರು ನಾವು. ಆದ್ದರಿಂದಲೇ ಇಷ್ಟು ಬರೆಯುತ್ತಿದ್ದೇವೆ.

ಯುವಜನರೇ, ಹೋಗಿಬನ್ನಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಮನೆಯಲ್ಲಿ ಹೇಳಿ ಹೋಗಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಓಡಿಸುವವನ ವೇಗವೇ ಎಲ್ಲರ ವೇಗವಾಗಿರಲಿ. ಹೆತ್ತವರೇ, ಅವರು ಬಂದ ಮೇಲೆ ಏನು ಕಂಡಿರಿ ಎಂದು ಕೇಳಿ. ಹಾಗೆ ಕೇಳುವ ಮನೆಯ ಮಕ್ಕಳು ಮುಂದಿನ ಬಾರಿಯೂ ಹೇಳಿಯೇ ಹೊರಡುತ್ತಾರೆ.