ಫ್ರೆಂಚಿನ ದೀರ್ಘಪದಗಳನ್ನು ಬಿಡಿಸುವ ಬಗೆ

ಫ್ರೆಂಚ್ ಭಾಷೆಯನ್ನು ಕಲಿಯತೊಡಗಿದವರನ್ನು ಮೊದಲು ಹೆದರಿಸುವುವು ಅದರ ದೀರ್ಘಪದಗಳು. ಇವುಗಳಿಗೆ ನಿದರ್ಶನವಾಗಿ, ‘ಸಂವಿಧಾನಕ್ಕೆ ವಿರುದ್ಧವಾಗಿ’ ಎಂಬರ್ಥದ ಒಂದು ಪದವನ್ನು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಅದನ್ನು ಬರೆಯಲು 25 ರೋಮನ್ ಅಕ್ಷರಗಳು ಬೇಕು. ನುಡಿಯುವಾಗ ಇರುವುದಾದರೋ 8 ಉಚ್ಚಾರಾಂಶಗಳು ಮಾತ್ರ. ಒಂದು ಸ್ವರ ಮತ್ತು ಅದನ್ನು ಆಶ್ರಯಿಸಿದ ವ್ಯಂಜನಗಳು ಸೇರಿ ಒಂದು ಉಚ್ಚಾರಾಂಶವಾಗುತ್ತದೆ.

ಬಿಡಿಸುವ ಮುಖ್ಯ ನಿಯಮಗಳು ಕೆಲವೇ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಸ್ವರವನ್ನು ಸೇರುತ್ತದೆ. ಎರಡಿದ್ದರೆ ಒಂದು ಹಿಂದಕ್ಕೂ ಇನ್ನೊಂದು ಮುಂದಕ್ಕೂ ಹೋಗುತ್ತವೆ: ‘ಹೊರಡು’ ಎಂಬರ್ಥದ ಪದ ‘ಪಾರ್-ತೀರ್’ ಎಂದಾಗುವುದು. ಆದರೆ ಎರಡನೆಯದು ರಕಾರವೋ ಲಕಾರವೋ ಆದಾಗ ಜೋಡಿಯು ಸಾಮಾನ್ಯವಾಗಿ ಒಡೆಯುವುದಿಲ್ಲ: ‘ತಾಯ್ನಾಡು’ ಎಂಬುದಕ್ಕೆ ‘ಪಾ-ತ್ರಿ’.

ಈ ವಿಭಜನೆಯು ಕೇವಲ ಅನುಕೂಲಕ್ಕಾಗಿ ಅಲ್ಲ. ಸ್ವರದ ಗುಣವೇ ಇದರಿಂದ ಬದಲಾಗುತ್ತದೆ. ‘ಇನ್’ ಎಂದು ಬರೆಯುವ ನಿಷೇಧಾರ್ಥದ ಉಪಸರ್ಗವನ್ನು ನೋಡೋಣ. ಸ್ವರದ ಮುಂದೆ ಅದರ ನಕಾರವು ಆ ಸ್ವರವನ್ನು ಸೇರಿ ‘ಇ-ನ್ಯು-ತಿಲ್’ (ಅನುಪಯುಕ್ತ) ಎಂದಾಗುತ್ತದೆ. ವ್ಯಂಜನದ ಮುಂದೆ ನಕಾರವು ಹಿಂದೆಯೇ ಉಳಿದು, ತಾನು ಲೋಪವಾಗಿ, ಸ್ವರವನ್ನು ಅನುನಾಸಿಕವಾಗಿಸುತ್ತದೆ: ‘ಆ್ಯಂ-ಕಾ-ಪಾಬ್ಲ್’ (ಅಸಮರ್ಥ). ನಮ್ಮ ‘ಅನುಪಯುಕ್ತ’ದಲ್ಲಿಯೂ ನಕಾರ ಉಳಿದಿದೆ, ‘ಅಸಮರ್ಥ’ದಲ್ಲಿ ಇಲ್ಲ. ಇದು ಆಕಸ್ಮಿಕವಲ್ಲ. ಸಂಸ್ಕೃತದ ‘ಅನ್’ ಮತ್ತು ಲ್ಯಾಟಿನ್ನಿನಿಂದ ಫ್ರೆಂಚಿಗೆ ಬಂದ ‘ಇನ್’ ಎರಡೂ ಒಂದೇ ಪ್ರಾಚೀನ ಮೂಲದವು.

ಇಲ್ಲಿ ಬಿಂದುವನ್ನು ನಾವು ಗುರುತಿಗಾಗಿ ಮಾತ್ರ ಬಳಸಿದ್ದೇವೆ. ಅನುನಾಸಿಕ ಸ್ವರವನ್ನು ನುಡಿಯುವಾಗ ನಾಲಗೆ ಅಂಗುಳನ್ನು ಮುಟ್ಟಬಾರದು, ತುಟಿಗಳೂ ಮುಚ್ಚಬಾರದು. ಹಿಂಬದಿಯ ಮೃದು ಅಂಗುಳು ತಗ್ಗುವುದರಿಂದ ಉಸಿರು ಬಾಯಿ ಮೂಗುಗಳೆರಡರಿಂದಲೂ ಹೊರಡುತ್ತದೆ. ಹಾಗೆಯೇ ‘ನ್ಯು’ ಎಂದು ಬರೆದಲ್ಲಿ ಯಕಾರವಿಲ್ಲ. ನಾಲಗೆಯನ್ನು ಇಕಾರಕ್ಕೂ ತುಟಿಗಳನ್ನು ಉಕಾರಕ್ಕೂ ಅಳವಡಿಸಿದರೆ ಆ ಸ್ವರ ಹೊರಡುತ್ತದೆ.

ಈಗ ಮೊದಲಿನ ಪದವನ್ನು ಬಿಡಿಸೋಣ: ಆಂ-ತಿ-ಕೋಂಸ್-ತಿ-ತ್ಯು-ಸ್ಯೊ-ನೆಲ್-ಮಾಂ. ಬರಹದಲ್ಲಿ ‘ಸ್ಯೊ’ ಎಂಬುದರ ಬಳಿಕ ನಕಾರ ಎರಡಿದ್ದರೂ ನುಡಿಯುವುದು ಒಂದನ್ನೇ. ಅದು ಮುಂದಿನ ‘ನೆಲ್’ ಎಂಬುದಕ್ಕೆ ಸೇರಿದುದರಿಂದ ‘ಸ್ಯೊ’ ಶುದ್ಧಸ್ವರವಾಗಿಯೇ ಉಳಿಯಿತು. ‘ನೆಲ್’ ಎಂಬುದರ ಮುಂದಿನ ಎಕಾರವೂ ಕೊನೆಯ ತಕಾರವೂ ಬರಹದಲ್ಲಿ ಮಾತ್ರ ಇವೆ.

ಇಂಗ್ಲಿಷಿನ ರೂಢಿಯವರು ಪದದ ಯಾವುದೋ ಒಂದು ಭಾಗವನ್ನು ಒತ್ತಿ ಉಳಿದವನ್ನು ನುಂಗಿಬಿಡುವುದುಂಟು. ಫ್ರೆಂಚಿನಲ್ಲಿ ಹಾಗಲ್ಲ. ಎಲ್ಲ ಅಂಶಗಳನ್ನೂ ಸಮವಾಗಿ ನುಡಿದು, ಕೊನೆಯದನ್ನು ಮಾತ್ರ ತುಸು ಎಳೆಯಬೇಕು. ಮೊದಲು ಬಿಡಿಬಿಡಿಯಾಗಿ, ಅನಂತರ ಒಂದೇ ಉಸಿರಿನಲ್ಲಿ ನುಡಿದು ನೋಡಿದರೆ, ಇಪ್ಪತ್ತೈದು ಅಕ್ಷರಗಳ ಭಯ ಎಂಟು ಹೆಜ್ಜೆಗಳಲ್ಲಿ ಕಳೆಯುವುದು.