ಹಗ್ಗ ಬಿಗಿಯುವ ಡ್ರಮ್: ಸ್ಥಾಯಿಯ ಪಾಠಕ್ಕೊಂದು ಉದಾಹರಣೆ

‘ಶಬ್ದ’ ಘಟಕವನ್ನು ಬೋಧಿಸುವಾಗ ಗಟ್ಟಿತನ ಮತ್ತು ಸ್ಥಾಯಿ ಎಂಬ ಎರಡು ಪರಿಕಲ್ಪನೆಗಳನ್ನು ಮಕ್ಕಳು ಒಂದೇ ಎಂದು ತಿಳಿಯುವುದು ಸಾಮಾನ್ಯ. ಜೋರಾಗಿ ಬಡಿದರೆ ಸ್ಥಾಯಿ ಏರುತ್ತದೆ ಎಂದೇ ಅನೇಕರು ಉತ್ತರಿಸುತ್ತಾರೆ. ಇವೆರಡನ್ನು ಬೇರ್ಪಡಿಸಿ ತೋರಿಸಲು ಹಳೆಯ ಹಗ್ಗದ ಡ್ರಮ್ಮಿನ ರಚನೆ ನೆರವಾಗುತ್ತದೆ.

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರು ಏಳಬೇಕಾದ, ಸೇರಬೇಕಾದ ಸೂಚನೆಗಳನ್ನು ಡ್ರಮ್ಮಿನ ಬಡಿತಗಳು ತಿಳಿಸುತ್ತಿದ್ದವು. ಬಡಿತ ದೂರಕ್ಕೂ ಸ್ಪಷ್ಟವಾಗಿ ಕೇಳಬೇಕಾದರೆ ಚರ್ಮ ಬಿಗಿಯಾಗಿರಬೇಕಿತ್ತು.

ಮೇಪಲ್ ಅಥವಾ ಆ್ಯಶ್ ಮರದ ತೆಳು ಹಲಗೆಯನ್ನು ದುಂಡಗೆ ಬಾಗಿಸಿ, ತುದಿಗಳನ್ನು ಒಂದರ ಮೇಲೊಂದು ತಂದು ಜೋಡಿಸಿ ಡ್ರಮ್ಮಿನ ಒಡಲು ಮಾಡುತ್ತಿದ್ದರು. ಬದಿಯಲ್ಲಿ ಗಾಳಿಯಾಡಲು ಸಣ್ಣ ರಂಧ್ರ. ಹಲವು ಡ್ರಮ್ಮುಗಳಲ್ಲಿ ಅದರ ಸುತ್ತ ಹಿತ್ತಾಳೆ ಮೊಳೆಗಳ ಅಲಂಕಾರ. ನೆನೆಸಿದ ಕರುವಿನ ಚರ್ಮವನ್ನು ಮರದ ತೆಳು ಬಳೆಗೆ ಸುತ್ತಿ, ಒಡಲಿನ ಎರಡೂ ಬಾಯಿಗೆ ಕೂರಿಸಿ, ಮೇಲೊಂದು ಅಗಲ ಬಳೆ ಇಡುತ್ತಿದ್ದರು. ಈ ಎರಡು ಅಗಲ ಬಳೆಗಳ ನಡುವೆ ಹಗ್ಗವು ಓರೆಯಾಗಿ ಏರಿಳಿಯುತ್ತದೆ.

ಬಿಗಿಯುವ ಉಪಾಯ ಸರಳ. ಓರೆಯಾದ ಎರಡೆರಡು ಎಳೆಗಳನ್ನು ಒಂದು ತೊಗಲಿನ ಪಟ್ಟಿ ಹಿಡಿದಿರುತ್ತದೆ. ಎಳೆಗಳು ಅಗಲವಾಗಿರುವ ಕಡೆಗೆ ಪಟ್ಟಿಯನ್ನು ಜಾರಿಸಿದರೆ ಅವು ಒತ್ತಿಕೊಂಡು ಬಾಗುತ್ತವೆ. ಬಾಗಿದ ದಾರಿಗೆ ಹೆಚ್ಚು ಹಗ್ಗ ಬೇಕು. ಹಗ್ಗದ ಉದ್ದವೋ ಅಷ್ಟೇ. ಹಾಗಾಗಿ ಅದು ಎರಡೂ ಬಳೆಗಳನ್ನು ಹತ್ತಿರಕ್ಕೆ ಎಳೆದು ಚರ್ಮವನ್ನು ಬಿಗಿಯುತ್ತದೆ. ಕರ್ಷಣ ಹೆಚ್ಚಿದರೆ ಆವೃತ್ತಿ ಹೆಚ್ಚಿ ಸ್ಥಾಯಿ ಏರುತ್ತದೆ. ಆದರ್ಶ ಪೊರೆಯೊಂದರಲ್ಲಿ ಕರ್ಷಣ 4 ಪಟ್ಟಾದಾಗ ಆವೃತ್ತಿ 2 ಪಟ್ಟಾಗುತ್ತದೆ. ತೇವದ ಹವೆಯಲ್ಲಿ ಚರ್ಮ ಸಡಿಲವಾದಾಗ ಪಟ್ಟಿಯನ್ನು ಜಾರಿಸಿ ಸರಿಪಡಿಸಬಹುದು. ಬಾರಿಸಿದ ಬಳಿಕ ಹಿಂದಕ್ಕೆ ಜಾರಿಸಿ ಚರ್ಮಕ್ಕೆ ವಿಶ್ರಾಂತಿ ಕೊಡಬಹುದು.

ತರಗತಿಗೆ ಈ ಡ್ರಮ್ಮೇ ಬೇಕೆಂದಿಲ್ಲ. ಹಗ್ಗ ಕಟ್ಟಿದ ಢೋಲಕ್ಕಿನಲ್ಲಿ ಲೋಹದ ಉಂಗುರಗಳು ಇದೇ ಕೆಲಸ ಮಾಡುತ್ತವೆ. ಚಟುವಟಿಕೆಯನ್ನು ಎರಡು ಹಂತಗಳಲ್ಲಿ ನಡೆಸಬಹುದು.

ಹಂತ 1: ಉಂಗುರಗಳನ್ನು ಮುಟ್ಟದೆ ಮೊದಲು ಮೆಲ್ಲಗೆ, ನಂತರ ಜೋರಾಗಿ ಬಾರಿಸಿ. ಪಾರ ಬದಲಾಗುತ್ತದೆ, ಗಟ್ಟಿತನ ಬದಲಾಗುತ್ತದೆ.

ಹಂತ 2: ಉಂಗುರಗಳನ್ನು ಜಾರಿಸಿ ಬಿಗಿದು, ಮೊದಲಿನಷ್ಟೇ ಬಲದಿಂದ ಬಾರಿಸಿ. ಆವೃತ್ತಿ ಬದಲಾಗುತ್ತದೆ, ಸ್ಥಾಯಿ ಬದಲಾಗುತ್ತದೆ.

ಪ್ರತಿ ಹಂತಕ್ಕೂ ಮೊದಲು ಏನಾಗಬಹುದೆಂದು ಮಕ್ಕಳಿಂದ ಊಹೆ ಬರೆಸಬೇಕು. ಒಮ್ಮೆಗೆ ಒಂದೇ ಅಂಶವನ್ನು ಬದಲಿಸುವುದು ಮುಖ್ಯ. ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಕಲ್ಪನೆ ಮತ್ತಷ್ಟು ಗಟ್ಟಿಯಾಗುತ್ತದೆ.

ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ ಸಾಕು: ಮಳೆಗಾಲದಲ್ಲಿ ಚರ್ಮ ಸಡಿಲವಾಗಿ ಢೋಲಕ್ಕಿನ ಸ್ಥಾಯಿ ಇಳಿದಿದೆ. ಜೋರಾಗಿ ಬಾರಿಸಿ ಅದನ್ನು ಸರಿಪಡಿಸಬಹುದೇ? ಕಾರಣ ಕೊಡಿ.