ಒಕ್ಕಣೆಯ ಮರ್ಯಾದೆ, ವಿಳಾಸದ ಮಹತ್ವ

ವರ್ತಕ ಸಂಘಗಳು ಸರ್ಕಾರಕ್ಕೆ ಸಲ್ಲಿಸುವ ಮನವಿಪತ್ರಗಳಲ್ಲಿ ಬಹುಪಾಲು ಶ್ರಮ ವಿಶೇಷಣಗಳಿಗೇ ವ್ಯಯವಾಗುತ್ತದೆ. ‘ಸನ್ಮಾನ್ಯ’, ‘ಜನಪ್ರಿಯ’, ‘ಅಭಿವೃದ್ಧಿಯ ಹರಿಕಾರ’ ಎಂದು ಮೂರು ಸಾಲು ತುಂಬಿದ ಬಳಿಕವೂ ಪತ್ರವು ಯಾವ ಇಲಾಖೆಯ ಯಾವ ಅಧಿಕಾರಿಗೆ ಸೇರಬೇಕೆಂಬುದು ಅಸ್ಪಷ್ಟವಾಗಿಯೇ ಉಳಿಯುತ್ತದೆ. ಕಚೇರಿಯ ಟಪಾಲು ಶಾಖೆಯ ಗುಮಾಸ್ತರು ನೋಡುವುದು ಪದನಾಮವನ್ನು, ವಿಷಯದ ಸಾಲನ್ನು ಮತ್ತು ಉಲ್ಲೇಖದಲ್ಲಿರುವ ಕಡತದ ಸಂಖ್ಯೆಯನ್ನು. ಬಿರುದಾವಳಿಯನ್ನು ಓದುವ ವ್ಯವಧಾನ ಅವರಿಗಿಲ್ಲ.

ಬಿರುದುಗಳ ವಿಷಯದಲ್ಲಿ ಸಂವಿಧಾನದ ನಿಲುವು ಸ್ಪಷ್ಟವಾಗಿದೆ. ಸೇನೆ ಮತ್ತು ವಿದ್ವತ್ತಿಗೆ ಸಂಬಂಧಿಸಿದವುಗಳ ಹೊರತು ಬೇರಾವ ಬಿರುದನ್ನೂ ರಾಜ್ಯವು ನೀಡತಕ್ಕದ್ದಲ್ಲವೆಂದು 18ನೇ ಅನುಚ್ಛೇದವು ವಿಧಿಸುತ್ತದೆ. ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಆದುದರಿಂದ ಅವುಗಳನ್ನು ಹೆಸರಿನ ಮೊದಲಾಗಲಿ ಕೊನೆಗಾಗಲಿ ಸೇರಿಸಕೂಡದು ಎಂದು ಸರ್ವೋಚ್ಚ ನ್ಯಾಯಾಲಯವು 1995ರ ಡಿಸೆಂಬರಿನಲ್ಲಿ ಬಾಲಾಜಿ ರಾಘವನ್ ಪ್ರಕರಣದಲ್ಲಿ ತೀರ್ಪಿತ್ತಿತು. ಆದರೂ ಸಂಘ ಸಂಸ್ಥೆಗಳ ವಾರ್ಷಿಕೋತ್ಸವದ ಆಮಂತ್ರಣಗಳಲ್ಲಿ ‘ಪದ್ಮಶ್ರೀ’ ಇಂದಿಗೂ ಹೆಸರಿನ ಮುಂದೆಯೇ ಅಚ್ಚಾಗುತ್ತಿದೆ.

ರಾಷ್ಟ್ರಪತಿಯವರಿಗೂ ರಾಜ್ಯಪಾಲರಿಗೂ ಬಳಕೆಯಲ್ಲಿದ್ದ ‘ಘನತೆವೆತ್ತ’ ಎಂಬ ಸಂಬೋಧನೆಯು ಆಂಗ್ಲರ ಕಾಲದ ‘ಎಕ್ಸಲೆನ್ಸಿ’ಯ ಕನ್ನಡ ರೂಪ. 2012ರ ಅಕ್ಟೋಬರಿನಲ್ಲಿ ಅಂದಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ದೇಶದೊಳಗಿನ ವ್ಯವಹಾರದಲ್ಲಿ ಇದನ್ನು ಕೈಬಿಡಲು ಒಪ್ಪಿಗೆಯಿತ್ತರು. ವಿದೇಶಿ ಗಣ್ಯರೊಡನೆ ವ್ಯವಹರಿಸುವಾಗ ಮಾತ್ರ ಅದು ಉಳಿಯಿತು. ‘ಗೌರವಾನ್ವಿತ ರಾಷ್ಟ್ರಪತಿಗಳು’, ‘ಗೌರವಾನ್ವಿತ ರಾಜ್ಯಪಾಲರು’ ಎಂದರೆ ಸಾಕು. ಸಚಿವರಿಗೂ ಶಾಸಕರಿಗೂ ‘ಮಾನ್ಯ’ ಎಂಬ ಒಂದೇ ಪದವು ಒಪ್ಪುತ್ತದೆ.

ವಿಧಾನಮಂಡಲದ ಪದನಾಮಗಳಲ್ಲಿ ಗೊಂದಲ ಹೆಚ್ಚು. 224 ಸ್ಥಾನಗಳ ವಿಧಾನಸಭೆಯನ್ನು ನಡೆಸುವವರು ಸಭಾಧ್ಯಕ್ಷರು, 75 ಸ್ಥಾನಗಳ ವಿಧಾನ ಪರಿಷತ್ತನ್ನು ನಡೆಸುವವರು ಸಭಾಪತಿಗಳು. ಒಬ್ಬರ ಪದನಾಮವನ್ನು ಇನ್ನೊಬ್ಬರಿಗೆ ಬರೆದ ಪತ್ರವು ಎಷ್ಟೇ ವಿನಯದಿಂದ ಕೂಡಿದ್ದರೂ ಅಜ್ಞಾನವನ್ನು ತೋರುತ್ತದೆ. ಮಹಾಪೌರರಿಗೆ ‘ಪೂಜ್ಯ’ ಎಂದು ಸೇರಿಸುವ ರೂಢಿಯೂ ಆಂಗ್ಲ ಸಂಬೋಧನೆಯೊಂದರ ಅನುವಾದವೇ. ಮಠಾಧೀಶರಿಗೆ ಸಲ್ಲುವ ಪದವು ನಗರಾಡಳಿತದ ಮುಖ್ಯಸ್ಥರಿಗೆ ಸಂದಿರುವುದು ಕನ್ನಡದ ಕಿವಿಗೆ ಹಿತವೆನಿಸದು. ‘ಮಾನ್ಯ ಮಹಾಪೌರರು’ ಎಂದರೆ ಯಾವ ಲೋಪವೂ ಆಗುವುದಿಲ್ಲ.

ಅಧಿಕಾರಿಗಳ ವಿಷಯ ಬೇರೆ. ಇಂದು ಇರುವ ಆಯುಕ್ತರು ನಾಳೆ ವರ್ಗವಾಗಬಹುದು, ಹುದ್ದೆ ವರ್ಗವಾಗುವುದಿಲ್ಲ. ಆದಕಾರಣ ವಿಳಾಸದಲ್ಲಿ ಹೆಸರನ್ನು ಬಿಟ್ಟು ಪದನಾಮ, ಇಲಾಖೆ, ಕಚೇರಿಯ ಸ್ಥಳ ಇಷ್ಟನ್ನು ಬರೆಯುವುದೇ ಕ್ಷೇಮ. ಹೆಸರು ಹಿಡಿದು ‘ಪ್ರಿಯ ಶ್ರೀ’ ಎಂದು ಆರಂಭಿಸುವ ಅರೆ ಸರ್ಕಾರಿ ಪತ್ರವು ಅಧಿಕಾರಿಗಳು ತಮ್ಮತಮ್ಮೊಳಗೆ ಬಳಸುವ ಕ್ರಮ. ಅರ್ಜಿದಾರರು ಅದನ್ನು ಅನುಕರಿಸಬಾರದು. ಆಂಗ್ಲದಲ್ಲಿ ಬರೆಯುವವರು ಮಹಿಳಾ ಅಧಿಕಾರಿಗೂ ‘ಡಿಯರ್ ಸರ್’ ಎಂದು ಬರೆದು ಮುಜುಗರಕ್ಕೆ ಒಳಗಾಗುವುದುಂಟು. ಕನ್ನಡದ ‘ಮಾನ್ಯರೇ’ ಎಂಬುದಕ್ಕೆ ಲಿಂಗಭೇದವಿಲ್ಲ.

ಸಂಬೋಧನೆಯಲ್ಲಿ ತಪ್ಪಿದರೆ ಹೋಗುವುದು ಮರ್ಯಾದೆ ಮಾತ್ರ, ವಿಳಾಸದಲ್ಲಿ ತಪ್ಪಿದರೆ ಹಣವೇ ಹೋದೀತು. ಸರಬರಾಜಿನ ಬಾಕಿಗಾಗಿ ಸರ್ಕಾರದ ವಿರುದ್ಧ ದಾವೆ ಹೂಡಬಯಸುವ ವರ್ತಕರು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಪ್ರಕರಣದಂತೆ ಸಾಮಾನ್ಯವಾಗಿ ಎರಡು ತಿಂಗಳ ಪೂರ್ವಸೂಚನೆ ನೀಡಬೇಕು. ಅದು ರಾಜ್ಯ ಸರ್ಕಾರದ ವಿಷಯದಲ್ಲಿ ಸರ್ಕಾರದ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ ತಲುಪಬೇಕು. ರೈಲ್ವೆಯ ವಿಷಯವಾದರೆ ಆ ರೈಲ್ವೆಯ ಮಹಾಪ್ರಬಂಧಕರಿಗೆ, ಅಂದರೆ ನೈಋತ್ಯ ರೈಲ್ವೆಯಾದರೆ ಹುಬ್ಬಳ್ಳಿಯ ಕೇಂದ್ರ ಕಚೇರಿಗೆ. ಸಚಿವರಿಗೆ ಖುದ್ದಾಗಿ ಹಾರ ಹಾಕಿ ಕೊಟ್ಟ ಮನವಿಯನ್ನು ಈ ಪೂರ್ವಸೂಚನೆಯೆಂದು ನೆಚ್ಚಿಕೊಳ್ಳಲಾಗದು. ದಾವೆಯಲ್ಲಿ ಪ್ರತಿವಾದಿಯೂ ಸಚಿವರಲ್ಲ, ‘ಕರ್ನಾಟಕ ರಾಜ್ಯ’.

ಸರಕು ಮತ್ತು ಸೇವಾ ತೆರಿಗೆಯಲ್ಲಿಯೂ ಇದೇ ಅಪಾಯವಿದೆ. ಪ್ರತಿಕೂಲ ಆದೇಶ ಕೈಸೇರಿದ ದಿನದಿಂದ ಮೂರು ತಿಂಗಳೊಳಗೆ 107ನೇ ಪ್ರಕರಣದಡಿ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಸಕಾರಣವಿದ್ದರೆ ಇನ್ನೊಂದು ತಿಂಗಳು ಮಾತ್ರ ಸಿಗುತ್ತದೆ. ಆ ಅವಧಿಯನ್ನು ಆಯುಕ್ತರಿಗೂ ಸಚಿವರಿಗೂ ಪತ್ರ ಬರೆಯುವುದರಲ್ಲಿ ಕಳೆದವರಿಗೆ ಬರುವ ಉತ್ತರವು ಸೌಜನ್ಯಪೂರ್ಣವಾಗಿಯೇ ಇರುತ್ತದೆ, ಗಡುವು ಮಾತ್ರ ಮೀರಿರುತ್ತದೆ. ತಪ್ಪು ವಿಳಾಸವನ್ನು ಕ್ಷಮಿಸುವ ಕಾನೂನೂ ಒಂದಿದೆ: ಮಾಹಿತಿ ಹಕ್ಕು ಅಧಿನಿಯಮ, 2005. ಅದರ 6(3)ನೇ ಪ್ರಕರಣದಂತೆ, ತನಗೆ ಸಂಬಂಧಿಸದ ಅರ್ಜಿಯನ್ನು ಕಚೇರಿಯೇ ಐದು ದಿನಗಳೊಳಗೆ ಸಂಬಂಧಿಸಿದ ಪ್ರಾಧಿಕಾರಕ್ಕೆ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸಬೇಕು. ತೆರಿಗೆಯ ಕಾನೂನಿನಿಂದ ಇಂತಹ ಔದಾರ್ಯವನ್ನು ನಿರೀಕ್ಷಿಸಬಾರದು.

ಕಚೇರಿಗಳ ಹೆಸರುಗಳೂ ಬದಲಾಗುತ್ತಿರುತ್ತವೆ. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಬಂದವು. ಹಳೆಯ ಮಾದರಿ ಪತ್ರಗಳನ್ನು ಗಣಕಯಂತ್ರದಲ್ಲಿ ಉಳಿಸಿಕೊಂಡಿರುವ ಅಂಗಡಿ, ಕಾರ್ಖಾನೆಗಳು ವಿಳಾಸವನ್ನು ತಿದ್ದಿಕೊಳ್ಳುವುದು ಒಳ್ಳೆಯದು.

ಸಚಿವರ ಗಮನಕ್ಕೆ ತರಲೇಬೇಕಾದ ವಿಷಯವಿದ್ದಲ್ಲಿ ಪತ್ರದ ಅಡಿಯಲ್ಲಿ ‘ಪ್ರತಿಯನ್ನು ಮಾನ್ಯ ಸಚಿವರ ಅವಗಾಹನೆಗಾಗಿ’ ಎಂದು ಸೇರಿಸಬಹುದು. ಮೂಲ ಪತ್ರವು ಆದೇಶ ಹೊರಡಿಸಲು ಅಧಿಕಾರವುಳ್ಳವರಿಗೇ ಹೋಗಬೇಕು. ಕಚೇರಿಯ ಮೊಹರು ಮತ್ತು ದಿನಾಂಕವಿರುವ ಸ್ವೀಕೃತಿಯನ್ನು ಪಡೆದು ಕಡತದಲ್ಲಿ ಇಟ್ಟುಕೊಳ್ಳಬೇಕು.